ಮೂರು ನಲವತ್ತರ ರಿಬ್ಬನ್

ಮೋರಿ ಬಂದ ಕೂಡಲೇ ಸಾಲು ನಿಲ್ಲುತ್ತಿತ್ತು.

ಇಪ್ಪತ್ತೆರಡು ಜನರ ಸಾಲು. ಒಬ್ಬರಿಂದ ಒಬ್ಬರಿಗೆ ಎರಡು ತೋಳಿನ ಅಂತರ. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು. ಪೊದೆ ಬಂದರೆ ಪೊದೆ ಸರಿಸಿ ನೋಡುತ್ತಿದ್ದರು. ಬಂಡೆ ಬಂದರೆ ಹತ್ತಿ ಇಳಿಯುತ್ತಿದ್ದರು. ಮುಳ್ಳು ಗೀರಿದರೆ ಗೀರಿಸಿಕೊಂಡು, ಸಂಜೆ ಒಬ್ಬರಿಗೊಬ್ಬರು ಆ ಗೀರುಗಳನ್ನು ತೋರಿಸಿಕೊಳ್ಳುತ್ತಿದ್ದರು. ಐವತ್ತು ಹೆಜ್ಜೆಗೊಮ್ಮೆ ಸೀಟಿ. ಸೀಟಿ ಕೇಳಿದರೆ ನಿಂತು ಕಳೆದುಹೋದವರ ಹೆಸರು ಕೂಗಬೇಕು. ಆಮೇಲೆ ಉಸಿರು ಬಿಗಿಹಿಡಿದು ಕಿವಿಗೊಡಬೇಕು. ಸಂಬಳವಿಲ್ಲ, ಭತ್ಯೆಯಿಲ್ಲ. ರಜೆಯ ದಿನ ಹಾಸಿಗೆ ಬಿಟ್ಟು ಬಂದು, ಕಂಡರಿಯದವರ ಮನೆಯ ಮಗುವನ್ನೋ ಮುದುಕರನ್ನೋ ಹುಡುಕುವ ಜನ. ಊರು ಅವರನ್ನು ದೇವರಂಥವರು ಅನ್ನುತ್ತಿತ್ತು. ಅವರೂ ಬೇಡ ಅನ್ನುತ್ತಿರಲಿಲ್ಲ.

ಆದರೆ ಮೋರಿ ಬಂದರೆ ನಿಲ್ಲುತ್ತಿದ್ದರು. ಕರವಸ್ತ್ರಗಳು ಹೊರಬರುತ್ತಿದ್ದವು. ಇಪ್ಪತ್ತೆರಡು ತಲೆಗಳು ಒಟ್ಟಿಗೇ ಹಿಂದಕ್ಕೆ ತಿರುಗುತ್ತಿದ್ದವು.

"ಕೆಸರಕ್ಕಾ!"

ಸಾಲಿನ ಹಿಂದೆ ಹಗ್ಗದ ಸುರುಳಿ ಹೊತ್ತು ಬರುತ್ತಿದ್ದವಳು ಸುರುಳಿ ಇಳಿಸಿ ಮುಂದೆ ಬರುತ್ತಿದ್ದಳು. ಅವಳಿಗೆ ಜಾಕೀಟು ಇರಲಿಲ್ಲ. ಸೀಟಿ ಇರಲಿಲ್ಲ. ಇದ್ದದ್ದು ನಗರಸಭೆಯ ಗುತ್ತಿಗೆದಾರ ಕೊಟ್ಟ, ಎಡಗಾಲಿಗೆ ತೂತು ಬಿದ್ದ ರಬ್ಬರ್ ಬೂಟು. ವಾರಕ್ಕೆ ಆರು ದಿನ ಅದೇ ಬೂಟಿನಲ್ಲಿ ಊರಿನ ಚರಂಡಿ ಎತ್ತುತ್ತಿದ್ದಳು. ಏಳನೇ ದಿನ ಅದೇ ಬೂಟಿನಲ್ಲಿ ಇವರ ಮೋರಿಗೆ ಇಳಿಯುತ್ತಿದ್ದಳು. ತೊಡೆಯವರೆಗೆ, ಕೆಲವು ಕಡೆ ಎದೆಯವರೆಗೆ. ಕಾಲಿನಲ್ಲಿ ತಡಕಬೇಕು, ಕೈಯಲ್ಲಿ ತಡಕಬೇಕು. ಮೆತ್ತಗೆ ಸಿಕ್ಕಿದ್ದೆಲ್ಲ ಸತ್ತ ನಾಯಿಯೋ, ಕೊಳೆತ ಹಾಸಿಗೆಯೋ, ಹುಡುಕುತ್ತಿರುವ ಮನುಷ್ಯನೋ ಎಂದು ಬೆರಳ ತುದಿಯಲ್ಲೇ ತಿಳಿಯಬೇಕು. ಅವಳಿಗೆ ತಿಳಿಯುತ್ತಿತ್ತು.

ಅವಳು ಕೆಳಗೆ ತಡಕುತ್ತಿರುವಾಗಲೇ ಮೇಲೆ ನಕ್ಷೆ ಮೇಷ್ಟ್ರು ರಿಬ್ಬನ್ ಕಟ್ಟುತ್ತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರು. ಹುಡುಕುವ ಜಾಗವನ್ನು ಚೌಕ ಚೌಕವಾಗಿ ಗೆರೆ ಹಾಕಿ ಒಂದೊಂದಕ್ಕೂ ನಂಬರು ಕೊಡುವುದು ಅವರ ಕೆಲಸ. ಒಂದು ಚೌಕ ಮುಗಿದರೆ ಅದರ ಅಂಚಿಗೆ ಹಳದಿ ರಿಬ್ಬನ್. ಅದರ ಮೇಲೆ ಕರಿ ಪೆನ್ನಿನಲ್ಲಿ ನಂಬರು, ವಾರ, ಗಂಟೆ. ರಿಬ್ಬನ್ ಕಟ್ಟಿದೆ ಅಂದರೆ ಇಲ್ಲಿ ಯಾರೂ ಇಲ್ಲ, ಇನ್ನು ಇಲ್ಲಿ ಹುಡುಕಬೇಡಿ ಅಂತ. ಅವಳು ಮೇಲೆ ಬರುವವರೆಗೆ ಕಾಯುತ್ತ ಕೂತರೆ ಹೊತ್ತು ಹಾಳು. ಹೇಗೂ ಇಳಿದಿದ್ದಾಳಲ್ಲ, ಸಿಕ್ಕರೆ ಕೂಗುತ್ತಾಳೆ. ಹಾಗಂತ ರಿಬ್ಬನ್ ಮೊದಲು, ಅವಳು ಆಮೇಲೆ. ಇದು ಅಭ್ಯಾಸವಾಯಿತು.

ಮೂರು ವರ್ಷದಲ್ಲಿ ಅವಳು ನಾಲ್ವರನ್ನು ಹುಡುಕಿ ಕೊಟ್ಟಿದ್ದಳು. ಇಬ್ಬರು ಜೀವಂತ. ಮೊದಲನೆಯದು ಒಂದು ಮಗು, ನೀರು ಹೋಗುವ ಪೈಪಿನಲ್ಲಿ ಸಿಕ್ಕಿಕೊಂಡದ್ದು. ಗುತ್ತಿಗೆದಾರನ ಶೆಡ್ಡಿಗೆ ತಂಡದ ಕ್ಯಾಪ್ಟನ್ ಏದುಸಿರು ಬಿಡುತ್ತ ಬಂದು, "ಚರಂಡಿಗೆ ಇಳಿಯೋರು ಯಾರಾದ್ರೂ ಬೇಕು" ಅಂದಾಗ ಎದ್ದು ಹೋದವಳು ಅವಳು. ಆ ಮಗು ಅವಳ ಕೊರಳು ಹಿಡಿದ ಹಿಡಿತ ಮೂರು ದಿನ ಅವಳ ಮೈಮೇಲೇ ಇತ್ತು. ಅದಕ್ಕಾಗಿ ಹೋಗುತ್ತಿದ್ದಳು. ಬೇರೆ ಯಾವುದಕ್ಕೂ ಅಲ್ಲ.

ಬೇರೆ ಏನೂ ಸಿಗುತ್ತಲೂ ಇರಲಿಲ್ಲ. ತಂಡದ ವ್ಯಾನಿನಲ್ಲಿ ಅವಳ ಜಾಗ ಹಿಂದೆ, ಸ್ಟ್ರೆಚರ್ ಪಕ್ಕ, ಕೆಳಗೊಂದು ಪ್ಲಾಸ್ಟಿಕ್ ಹಾಳೆ. ಫೋಟೋ ತೆಗೆಯುವಾಗ, "ಕೆಸರಕ್ಕ, ಒಂಚೂರು ಆಕಡೆ, ಗಾಳಿ ಈಕಡೆ ಬೀಸ್ತಿದೆ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಜಾಕೀಟು ಕೇಳಿದ್ದಕ್ಕೆ ಕ್ಯಾಪ್ಟನ್, "ನಿನಗ್ಯಾಕೆ? ಹೇಗೂ ಗಲೀಜಾಗುತ್ತೆ" ಅಂದಿದ್ದ. ಅವನು ವ್ಯಾಯಾಮಶಾಲೆಯ ಮಾಲೀಕ. ಯಾವ ಸೈನ್ಯದಲ್ಲೂ ಇದ್ದವನಲ್ಲ. ಕ್ಯಾಪ್ಟನ್ ಅನ್ನುವುದು ತಂಡ ಕೊಟ್ಟ ಹೆಸರು.

ಒಮ್ಮೆ ಅವಳು ನಕ್ಷೆ ಮೇಷ್ಟ್ರ ಹಲಗೆಯ ಮೇಲಿದ್ದ ಕಾಗದ ಓದಿದಳು. ಏಳನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಮರೆತಿರಲಿಲ್ಲ. ಜನ: ಇಪ್ಪತ್ತೆರಡು, ಕೆಳಗೆ ಹೆಸರುಗಳು. ಟಾರ್ಚು: ಹನ್ನೊಂದು. ಹಗ್ಗ: ನಾಲ್ಕು. ನೀರು, ಚರಂಡಿ: ವ್ಯವಸ್ಥೆ ಇದೆ.

ಆ ವ್ಯವಸ್ಥೆ ತಾನು ಅಂತ ಅವಳಿಗೆ ಗೊತ್ತಾಗಲು ಎರಡು ಗುಟುಕು ಚಹಾ ಹಿಡಿಯಿತು. ಲೋಟ ತೊಳೆದಿಟ್ಟು ಹೊರಟಳು. ಮನೆಯಲ್ಲಿ ಇಬ್ಬರು ಮಕ್ಕಳ ಸಮವಸ್ತ್ರ ಒಗೆಯುವುದಿತ್ತು.

*

ಅವಳಿಗೆ ಮೋರಿ ಕಲಿಸಿದವಳು ಅತ್ತೆ.

ಅತ್ತೆ ಮೂವತ್ತೊಂದು ವರ್ಷ ಊರಿನ ಚರಂಡಿ ಎತ್ತಿದವಳು. ಹಾಜರಿ ಪುಸ್ತಕದಲ್ಲಿ ಅವಳ ನಂಬರು ನಲವತ್ತೊಂದು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಹೂಳು ಎಳೆಯುವ ಹಾರೆಗೋಲು ಕೈಗೆ ಕೊಟ್ಟು ಕೆಲಸಕ್ಕೆ ಕರೆದುಕೊಂಡು ಹೋದವಳೂ ಅವಳೇ. "ಮೊದ್ಲು ಕಾಲು ಊರು, ಆಮೇಲೆ ಭಾರ ಬಿಡು. ಕೆಸರನ್ನ ಅವಸರ ಮಾಡ್ಬೇಡ, ಅದು ನಿನ್ನ ಗಂಡ ಅಲ್ಲ" ಅಂದಿದ್ದಳು. "ಕೆಸರು ಮರೆಯಲ್ಲ ಕಣೇ. ಒಂದು ಕಾಲಿಟ್ರೆ ವಾರ ಇಟ್ಕೊಂಡಿರುತ್ತೆ. ಯಾರು ಬಂದ್ರು, ಯಾವಾಗ ಬಂದ್ರು, ನೋಡಿದ್ರೆ ಹೇಳಬಹುದು" ಅಂದಿದ್ದಳು.

ಕೆಸರು ಮರೆಯಲಿಲ್ಲ. ಅತ್ತೆ ಮರೆಯತೊಡಗಿದಳು. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ಮೊಮ್ಮಕ್ಕಳ ಹೆಸರು. ಕೆಲಸವೊಂದನ್ನು ಮರೆಯಲಿಲ್ಲ. ಬೆಳಗಾದರೆ ಎದ್ದು ಸೆರಗು ಸೊಂಟಕ್ಕೆ ಬಿಗಿದು, "ಹಾರೆಗೋಲು ಎಲ್ಲಿ? ಮೇಸ್ತ್ರಿ ಬೈತಾನೆ" ಅನ್ನುತ್ತಿದ್ದಳು. ಸೊಸೆಯನ್ನು ಕೆಲಸಕ್ಕೆ ಸೇರಿದ ಹೊಸಬಳೆಂದುಕೊಂಡು, "ಏ ಹೊಸಬಳೇ, ನಿನ್ನ ಅತ್ತೆ ಭಾರಿ ಕೆಟ್ಟವಳಂತೆ, ಹೌದೇನೇ?" ಎಂದು ಪಿಸುಗುಟ್ಟುತ್ತಿದ್ದಳು.

"ಕೆಟ್ಟವಳೇ. ಆದ್ರೆ ಊಟ ಚೆನ್ನಾಗಿ ಮಾಡ್ತಾಳೆ" ಅನ್ನುತ್ತಿದ್ದಳು ಸೊಸೆ, ಅನ್ನ ಕಲಸಿ ಬಾಯಿಗಿಡುತ್ತ.

ಇಬ್ಬರೂ ನಗುತ್ತಿದ್ದರು. ಅತ್ತೆಯನ್ನು ಸುಮ್ಮನಿರಿಸಬೇಕಾದರೆ ಒಂದೇ ದಾರಿ. ಬಾಗಿಲಲ್ಲಿ ನಿಂತು ಮೇಸ್ತ್ರಿಯ ಗಂಟಲಿನಲ್ಲಿ, "ನಲವತ್ತೊಂದು!" ಎಂದು ಕೂಗಬೇಕು. ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಮುದುಕಿ ಬೆನ್ನು ನೆಟ್ಟಗೆ ಮಾಡಿ, "ಹಾಜರ್, ಮೇಸ್ತ್ರಿ!" ಅನ್ನುತ್ತಿದ್ದಳು. ಸ್ವಂತ ಹೆಸರು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಆ ಶುಕ್ರವಾರ ಸೊಸೆ ಮಧ್ಯಾಹ್ನ ಕೆಲಸದಿಂದ ಬಂದಾಗ ಬಾಗಿಲು ತೆರೆದಿತ್ತು. ಗೋಡೆಯ ಮೊಳೆಗೆ ನೇತು ಹಾಕಿದ್ದ ಹಾರೆಗೋಲು ಇರಲಿಲ್ಲ. ಅತ್ತೆ ಇರಲಿಲ್ಲ. ಚಪ್ಪಲಿ ಇತ್ತು.

ಅವಳು ಕ್ಯಾಪ್ಟನ್‌ಗೆ ಫೋನ್ ಮಾಡಿದಳು.

ತಂಡ ಬಂತು. ಬರಲಿಲ್ಲ ಅಂತ ಹೇಳುವ ಹಾಗಿಲ್ಲ. ಸಂಜೆಯೊಳಗೆ ಇಪ್ಪತ್ತೆರಡೂ ಜನ ಬಂದರು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿದರು. ನಕ್ಷೆ ಮೇಷ್ಟ್ರು ಊರನ್ನು ಮೂವತ್ತು ಚೌಕ ಮಾಡಿದರು.

"ಸಾರ್, ಅತ್ತೆ ಬೇರೆ ಎಲ್ಲೂ ಹೋಗಿರಲ್ಲ. ಕೆಲಸಕ್ಕೆ ಹೋಗಿದ್ದಾಳೆ. ಹಾರೆಗೋಲು ತಗೊಂಡು ಹೋಗಿದ್ದಾಳೆ. ಮೋರಿಗಳನ್ನ ನೋಡಿದ್ರೆ ಸಾಕು. ನಾನು ಇಳೀತೀನಿ" ಅಂದಳು ಅವಳು, ಬೂಟು ಹಾಕಿಕೊಂಡೇ ಬಂದಿದ್ದವಳು.

ಕ್ಯಾಪ್ಟನ್ ಅವಳ ಭುಜದ ಹತ್ತಿರ ಕೈ ತಂದ. ಮುಟ್ಟಲಿಲ್ಲ. "ಕೆಸರಕ್ಕ, ನೀನೀಗ ಮನೆಯವಳು. ಮನೆಯವರನ್ನ ಸಾಲಿಗೆ ಸೇರಿಸೋ ಹಾಗಿಲ್ಲ. ನಿಯಮ ಅದು. ನಿನಗೇ ಗೊತ್ತಲ್ಲ."

ಗೊತ್ತಿತ್ತು. ಕಳೆದುಹೋದವರ ಮನೆಯವರು ನಡುವೆ ಓಡಿಬಿಡುತ್ತಾರೆ, ಹೆಜ್ಜೆ ಗುರುತು ತುಳಿದು ಹಾಳು ಮಾಡುತ್ತಾರೆ, ಹೆಣ ಕಂಡರೆ ಕುಸಿದು ಬೀಳುತ್ತಾರೆ. ಎಷ್ಟೋ ತಾಯಂದಿರು ಹೀಗೆ ಜಗಲಿಯಲ್ಲಿ ಕೂತದ್ದನ್ನು ಅವಳೇ ಕಂಡಿದ್ದಳು. ನಿಯಮ ಒಳ್ಳೆಯದೇ.

"ಹಾಗಾದ್ರೆ ಒಂದು ಮಾತು. ಅಜ್ಜಿ ಅಂತ ಕೂಗ್ಬೇಡಿ. ಹೆಸರೂ ಬೇಡ. ನಲವತ್ತೊಂದು ಅಂತ ಕೂಗಿ, ಜೋರಾಗಿ, ಬೈಯೋ ಹಾಗೆ. ಓಗೊಡ್ತಾಳೆ."

ತಂಡದವರು ಮುಖ ಮುಖ ನೋಡಿಕೊಂಡರು. "ಛೆ, ಛೆ. ವಯಸ್ಸಾದವರನ್ನ ನಂಬರು ಹಿಡಿದು ಕೂಗೋದಾ? ಮನುಷ್ಯರಲ್ವಾ ನಾವು?" ಅಂದ ಕ್ಯಾಪ್ಟನ್. ಅಷ್ಟು ಮರ್ಯಾದಸ್ಥರು.

ಶನಿವಾರ ಇಡೀ ದಿನ ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. ಗಂಡ ಕಸದ ಲಾರಿಯ ಚಾಲಕ. ಲಾರಿಯನ್ನು ಗೆಳೆಯನಿಗೆ ಒಪ್ಪಿಸಿ ಬಸ್ ನಿಲ್ದಾಣ, ಆಸ್ಪತ್ರೆ, ಠಾಣೆ ಅಂತ ಅಲೆದು ಬಂದ. ದೂರದಿಂದ ಸೀಟಿ ಕೇಳುತ್ತಿತ್ತು. ಆಮೇಲೆ ಇಪ್ಪತ್ತೆರಡು ಗಂಟಲು. "ಅಜ್ಜೀ! ಅಜ್ಜೀ!" ಆಮೇಲೆ ಮೌನ.

"ನಂಬರು ಕೂಗ್ತಿಲ್ಲ" ಅಂದಳು ಅವಳು.

"ನಾವೇ ಹೋಗೋಣ ನಡಿ. ಮಾರ್ಕೆಟ್ ಹಿಂದಿನ ಮೋರೀಲೇ ಅಮ್ಮ ಜಾಸ್ತಿ ಕೆಲಸ ಮಾಡಿದ್ದು."

"ಅಲ್ಲಿ ಆಯ್ತಂತೆ. ಮೇಷ್ಟ್ರು ಈಗ ತಾನೇ ಬಂದು ನಕ್ಷೇಲಿ ಗುರುತು ಹಾಕಿ ಹೋದ್ರು. ಹದಿನಾಲ್ಕನೇ ಚೌಕ. ರಿಬ್ಬನ್ ಕಟ್ಟಿದ್ದಾರೆ."

"ಕಟ್ಟಿದ್ರೆ?"

"ರಿಬ್ಬನ್ ಕಟ್ಟಿದ್ರೆ ಅಲ್ಲಿಲ್ಲ ಅಂತ. ನನಗೆ ಗೊತ್ತಿಲ್ವಾ ರೀ? ಮೂರು ವರ್ಷದಿಂದ ನೋಡ್ತಿದ್ದೀನಿ. ಒಂದು ದಿನಾನೂ ರಿಬ್ಬನ್ ಸುಳ್ಳಾಗಿಲ್ಲ."

ಹೌದು, ಒಂದು ದಿನವೂ ಸುಳ್ಳಾಗಿರಲಿಲ್ಲ.

*

ಭಾನುವಾರ ಮಧ್ಯಾಹ್ನ ಮೂವತ್ತು ಚೌಕಕ್ಕೂ ಗುರುತು ಬಿತ್ತು. ಹುಡುಕುವುದು ಮುಗಿಯಿತು ಎಂದರು. ತಂಡ ಜಗಲಿಗೆ ಬಂತು. ಒಬ್ಬೊಬ್ಬರಾಗಿ ಬೂಟು ಕಳಚಿ ಮೆಟ್ಟಿಲ ಕೆಳಗೆ ಸಾಲಾಗಿ ಇಟ್ಟು, ಸೀಸೆಯ ಕ್ರಿಮಿನಾಶಕ ದ್ರವ ಕೈಗೆ ತಿಕ್ಕಿಕೊಂಡು, ಬ್ರೆಡ್ಡು ಬಿಸ್ಕತ್ತಿಗೆ ಕೂತರು.

"ನಮ್ಮ ಕೈಲಾದ್ದೆಲ್ಲ ಮಾಡಿದ್ವಿ. ಯಾವುದೋ ಬಸ್ಸು ಹತ್ತಿ ಹೋಗಿರಬೇಕು. ಧೈರ್ಯ ತಗೋ" ಅಂದ ಕ್ಯಾಪ್ಟನ್.

ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಬೂಟುಗಳು ಬಿದ್ದವು.

ನಲವತ್ತನಾಲ್ಕು ಬೂಟು. ಕೆಂಪು ಧೂಳು. ಹುಲ್ಲಿನ ಬೀಜ. ಒಂದರ ಲೇಸಿಗೆ ಮುಳ್ಳು. ಕಪ್ಪು ಇರಲಿಲ್ಲ. ಬಾಗಿ ನೋಡಿದಳು. ಅಂಚಿನಲ್ಲಿ ಇಲ್ಲ, ಹೊಲಿಗೆಯಲ್ಲಿ ಇಲ್ಲ, ಅಟ್ಟೆಯ ಗೆರೆಗಳಲ್ಲಿ ಇಲ್ಲ. ಚರಂಡಿಯ ಕಪ್ಪು ಅಂಟಿದರೆ ಮೂರು ಸಲ ತೊಳೆದರೂ ಹೋಗದು, ಅವಳಷ್ಟು ಚೆನ್ನಾಗಿ ಅದನ್ನು ಬಲ್ಲವರು ಯಾರು? ಮೂವತ್ತು ಚೌಕದಲ್ಲಿ ಒಂಬತ್ತು ಮೋರಿ. ನಲವತ್ತನಾಲ್ಕು ಬೂಟಿನಲ್ಲಿ ಒಂದು ಚುಕ್ಕೆ ಕಪ್ಪಿಲ್ಲ.

"ಸಾರ್" ಅಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಮೋರಿಗೆ ಯಾರು ಇಳಿದ್ರು?"

"ಮೋರಿಗೆ..." ಕ್ಯಾಪ್ಟನ್ ಬ್ರೆಡ್ಡು ನುಂಗಿದ. "ಮೋರಿಗೆ ವ್ಯವಸ್ಥೆ..."

ಅಷ್ಟು ಅಂದವನು ತಲೆ ಹಿಂದಕ್ಕೆ ತಿರುಗಿಸಿದ. ಇಪ್ಪತ್ತೆರಡು ತಲೆಗಳೂ ಹಿಂದಕ್ಕೆ ತಿರುಗಿದವು. ಹಿಂದೆ ಶಾಲೆಯ ಗೋಡೆ ಇತ್ತು. ಅವಳು ಮುಂದೆ ನಿಂತಿದ್ದಳು.

ಬೇಕೆಂದು ಮಾಡಿರಲಿಲ್ಲ ಅವರು. ಅದೇ ಹೊಲಸು. ಬೇಕೆಂದು ಮಾಡಿದ್ದರೆ ಬೈಯಬಹುದಿತ್ತು. ಮೋರಿಯ ಅಂಚಿಗೆ ಬಂದರು, ನಿಂತರು, ಮೂಗು ಮುಚ್ಚಿದರು, ರಿಬ್ಬನ್ ಕಟ್ಟಿದರು, ಸೇತುವೆ ಸುತ್ತಿ ಆಚೆ ಹೋದರು. ಮೂರು ವರ್ಷ ಮಾಡಿದ ಹಾಗೆಯೇ ಮಾಡಿದರು. ಒಳಗೆ ಇಳಿಯುತ್ತಿದ್ದ ಒಂದು ಹೆಂಗಸು ಈ ಸಲ ಹಿಂದೆ ಇಲ್ಲ ಅನ್ನುವುದು ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಓಡಿದಳು.

ಮಾರುಕಟ್ಟೆಯ ಹಿಂದಿನ ಕಬ್ಬಿಣದ ಕಂಬಿಗೆ ಹಳದಿ ರಿಬ್ಬನ್ ಅಂದವಾಗಿ ಗಂಟು ಹಾಕಿಕೊಂಡಿತ್ತು. ೧೪. ಶನಿ. ೩-೪೦. ಕೆಳಗೆ ಮೋರಿ. ಈ ದಡದ ಕೆಸರು ಕಾಯಿಸಿ ಆರಿಸಿದ ಹಾಲಿನ ಹಾಗೆ ಕೆನೆಗಟ್ಟಿ ಮಲಗಿತ್ತು. ಹಕ್ಕಿಯ ಕಾಲೂ ತಾಕಿರಲಿಲ್ಲ. ಆಚೆ ದಡದಿಂದ ಹೆಜ್ಜೆಗಳು ಇಳಿದಿದ್ದವು. ಬರಿಗಾಲು. ಚಿಕ್ಕ ಪಾದ. ಎಡ ಹೆಬ್ಬೆರಳು ಹೊರಕ್ಕೆ. ಪ್ರತಿ ಹೆಜ್ಜೆಯ ಪಕ್ಕ ಕೋಲಿನ ತೂತು. ಮೊದಲು ಕಾಲು ಊರಿ, ಆಮೇಲೆ ಭಾರ ಬಿಟ್ಟ ಹೆಜ್ಜೆ. ಹೆಜ್ಜೆಯ ಅಂಚು ಎರಡು ದಿನದ ಬಿಸಿಲಿಗೆ ಒಣಗಿ ಸೀಳಿತ್ತು. ಇಳಿದ ಹೆಜ್ಜೆ ಇದ್ದವು. ಹತ್ತಿದ ಹೆಜ್ಜೆ ಇರಲಿಲ್ಲ.

ಅವಳು ಇಳಿದಳು. ಬೂಟಿನ ತೂತಿನಿಂದ ತಣ್ಣಗೆ ಒಳಗೆ ಬಂತು. ರಸ್ತೆಯ ಕೆಳಗಿನ ಕಮಾನಿನ ಬಾಯಿಗೆ ಬಂದು ನಿಂತು ಎದೆ ತುಂಬ ಉಸಿರು ಎಳೆದುಕೊಂಡಳು.

"ನಲವತ್ತೊಂದು!"

ಕಮಾನು ತಿರುಗಿ ಹೇಳಿತು. ನಲವತ್ತೊಂದು, ತ್ತೊಂದು, ಒಂದು.

"ನಲವತ್ತೊಂದು! ಎಲ್ಲಿ ಸತ್ತೆ! ಹಾಜರಿ ಹೇಳು!"

ಅತ್ತೆ ಹತ್ತು ಹೆಜ್ಜೆ ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಹಾರೆಗೋಲು ತೊಡೆಯ ಮೇಲೆ ಅಡ್ಡ ಇತ್ತು. ಒಂದು ಕಾಲು ಮಂಡಿಯ ಕೆಳಗೆ ತಿರುಚಿ ಊದಿಕೊಂಡಿತ್ತು. ಪಕ್ಕದಲ್ಲಿ ಗುಡ್ಡೆ. ಚೀಲ, ಸೀಸೆ, ಚಿಂದಿ, ಹೂಳು, ಎಲ್ಲ ಎಳೆದು, ಒತ್ತಿ, ಅಂಚು ತಿದ್ದಿ, ಮೇಸ್ತ್ರಿ ಬಂದು ನೋಡಿದರೆ ಒಂದು ಮಾತು ಆಡದ ಹಾಗೆ ಮಾಡಿದ ಗುಡ್ಡೆ. ಸೊಂಟದೆತ್ತರ. ಜಾರಿ ಬಿದ್ದ ಮೇಲೂ ಕೈ ಎಟುಕಿದಷ್ಟನ್ನು ಕೂತಲ್ಲಿಂದಲೇ ಎಳೆದಿದ್ದಳು, ಗೀರುಗಳು ಹಾಗೆ ಹೇಳುತ್ತಿದ್ದವು. ಕೆನ್ನೆ ತಣ್ಣಗಿತ್ತು. ಕಣ್ಣು ಕಮಾನಿನ ಬಾಯಿಯ ಕಡೆಗೇ ಇತ್ತು. ಅಲ್ಲಿಂದ ಕಂಬಿ ಕಾಣುತ್ತಿತ್ತು. ಕಂಬಿಯ ಮೇಲೆ ರಿಬ್ಬನ್ ಕಾಣುತ್ತಿತ್ತು.

ಮೇಲೆ ಕಾಲು ಸದ್ದಾಯಿತು. ಗಂಡ ಧುಮುಕಿ ಇಳಿದು ಬಂದ. ತಂಡ ಸ್ಟ್ರೆಚರ್ ತಂದು ಅಂಚಿನಲ್ಲಿ ಇಟ್ಟಿತು. ಅಂಚಿನಲ್ಲೇ.

"ಇಲ್ಲೀತನಕ ತಂದುಬಿಡಿ. ಇಲ್ಲಿಂದ ನಾವು ಎತ್ಕೋತೀವಿ" ಎಂದು ಕ್ಯಾಪ್ಟನ್ ಕರವಸ್ತ್ರದೊಳಗಿಂದ ಕೂಗಿದ.

ಅವಳು ತಂದಳು. ಗಂಡ ಕಾಲು ಹಿಡಿದ, ಅವಳು ಕಂಕುಳು ಹಿಡಿದಳು. ದಡಕ್ಕೆ ಬಂದಾಗ ನಾಲ್ಕು ಜೊತೆ ಕೈಗವಸು ಮುಂದೆ ಬಂದವು. ಅವಳು ಕೊಡಲಿಲ್ಲ. ಹತ್ತಿ, ಸ್ಟ್ರೆಚರ್ ದಾಟಿ, ಅತ್ತೆಯನ್ನು ಹೊತ್ತುಕೊಂಡೇ ರಸ್ತೆಗೆ ಹೋದಳು. ಹೋಗುವ ಮೊದಲು ಒಂದು ಕೈಯಲ್ಲಿ ಕಂಬಿಯ ರಿಬ್ಬನ್ ಕಿತ್ತುಕೊಂಡಳು.

ಆಸ್ಪತ್ರೆಯ ವೈದ್ಯೆ ಕೈ ತೊಳೆಯುತ್ತ ಹೇಳಿದಳು. "ಜೀವ ಹೋಗಿ ಹತ್ತು ಗಂಟೆಯಾಗಿರಬೇಕು. ಬೆಳಗಿನ ಜಾವ. ನೀರಿಲ್ಲದೆ, ಥಂಡಿಗೆ."

ಅವಳು ಬೆರಳು ಮಡಿಸಿ ಎಣಿಸಿದಳು. ಶನಿವಾರ ಮೂರು ನಲವತ್ತರಿಂದ ಭಾನುವಾರ ಬೆಳಗಿನ ಜಾವ. ಹನ್ನೆರಡು ಗಂಟೆ. ಇಪ್ಪತ್ತೆರಡು ಜನ ಅಲ್ಲಿ ನಿಂತಿದ್ದರು. ಸೀಟಿ ಊದಿದ್ದರು. ಅಜ್ಜೀ ಎಂದು ಕೂಗಿ ಕಿವಿಗೊಟ್ಟಿದ್ದರು. ಒಳಗೆ ಮುದುಕಿ ಉಸಿರಾಡುತ್ತ ಕೂತಿದ್ದಳು. ಯಾರೋ ಯಾವುದೋ ಅಜ್ಜಿಯನ್ನು ಕರೆಯುತ್ತಿದ್ದಾರೆ ಅಂದುಕೊಂಡಿರಬೇಕು.

*

ಒಂಬತ್ತನೇ ದಿನ ಕ್ಯಾಪ್ಟನ್ ಮನೆಗೆ ಬಂದ, ಜೊತೆಗೆ ನಕ್ಷೆ ಮೇಷ್ಟ್ರು. ಒಂದೇ ಕೋಣೆಯ ಮನೆ. ಮಗಳು ಕುರ್ಚಿಯ ಮೇಲಿದ್ದ ಪುಸ್ತಕ ತೆಗೆದು ಜಾಗ ಮಾಡಿದಳು. ಕ್ಯಾಪ್ಟನ್ ಕುರ್ಚಿ ನೋಡಿದ, ತನ್ನ ಪ್ಯಾಂಟು ನೋಡಿದ.

"ಪರವಾಗಿಲ್ಲ, ನಿಂತೇ ಇರ್ತೀನಿ. ಅವಸರ ಇದೆ."

ಅವನ ಮೈಯಿಂದ ವಾಸನೆ ಬಂತು. ಅತ್ತರು, ಇಸ್ತ್ರಿಯ ಬಟ್ಟೆ, ಕೈಗೆ ತಿಕ್ಕಿಕೊಂಡ ಆ ಸೀಸೆಯ ದ್ರವ. ಹದಿನಾಲ್ಕು ವರ್ಷ ಕೊಳೆತದ್ದರ ನಡುವೆ ನಿಂತು ಬುತ್ತಿ ಬಿಚ್ಚಿ ಉಂಡವಳು ಅವಳು. ನಾಯಿಯ ಹೆಣ ಎತ್ತಿಹಾಕಿ, ಕೈ ತೊಳೆದು, ಮಗುವಿಗೆ ಮೊಲೆ ಕೊಟ್ಟವಳು. ಒಂದು ದಿನವೂ ವಾಕರಿಕೆ ಬಂದಿರಲಿಲ್ಲ. ಈಗ ಬಂತು. ಬಚ್ಚಲಿಗೆ ಹೋಗಿ ಕಾರಿ, ಬಾಯಿ ಮುಕ್ಕಳಿಸಿ ಬಂದು ನಿಂತಳು.

"ಹುಷಾರಿಲ್ವಾ?" ಅಂದರು ಮೇಷ್ಟ್ರು.

"ಹೇಸಿಗೆ ಆಯ್ತು. ಹೇಳಿ."

ಕ್ಯಾಪ್ಟನ್ ಕಾಗದ ಬಿಡಿಸಿದ. "ಪ್ರತಿ ಸಲ ಒಂದು ವರದಿ ಬರೀತೀವಿ. ಮನೆಯವರ ಸಹಿ ಬೇಕು. ಏನಿಲ್ಲ, ನಡೆದದ್ದು ಬರೆದಿದೆ ಅಷ್ಟೆ."

ಅವಳು ಕಾಗದ ಇಸಿದುಕೊಂಡು ಓದಿದಳು. ನಿಧಾನವಾಗಿ, ಬೆರಳಿಟ್ಟು. ಹದಿನಾಲ್ಕನೇ ಚೌಕವನ್ನು ಶನಿವಾರ ಮೂರು ನಲವತ್ತಕ್ಕೆ ಪೂರ್ತಿ ಪರಿಶೀಲಿಸಲಾಯಿತು. ವೃದ್ಧೆಯು ಅನಂತರದಲ್ಲಿ ಸದರಿ ಸ್ಥಳಕ್ಕೆ ಪ್ರವೇಶಿಸಿರುವುದು ಕಂಡುಬರುತ್ತದೆ. ಭಾನುವಾರ ತಂಡವು ಪತ್ತೆ ಹಚ್ಚಿತು.

"ಅನಂತರ ಬಂದ್ಲಾ?"

"ಹಾಗೇ ಇರಬೇಕಲ್ವಾ? ಮರೆವಿನ ಮನುಷ್ಯರು. ಎಲ್ಲೋ ಸುತ್ತಾಡಿ ಆಮೇಲೆ..."

"ಅವಳ ಹೆಜ್ಜೆಗೆ ಎರಡು ದಿನದ ಬಿಸಿಲು ಬಿದ್ದಿತ್ತು ಸಾರ್. ಸೊಂಟದೆತ್ತರ ಹೂಳು ಎಳೆದಿದ್ಲು. ಎಪ್ಪತ್ತು ದಾಟಿದ ಮುದುಕಿ, ಮುರಿದ ಕಾಲು. ಅದು ಒಂದು ರಾತ್ರಿ ಕೆಲಸ ಅಂತ ಯಾರು ಹೇಳಿದ್ರು ನಿಮಗೆ? ಕೆಲಸ ಮಾಡಿದ್ದೀರಾ ಯಾವತ್ತಾದ್ರೂ?"

"ನೋಡು, ದುಃಖ ಅರ್ಥ ಆಗುತ್ತೆ. ಆದ್ರೆ ಇದ್ರಿಂದ ತಂಡಕ್ಕೆ ಕೆಟ್ಟ ಹೆಸರು ಬಂದ್ರೆ ನಾಳೆ ಜನ ನಮ್ಮನ್ನ ಕರೆಯಲ್ಲ. ಕಳೆದುಹೋದೋರನ್ನ ಹುಡುಕೋರು ಯಾರು? ನೀನೇ ಯೋಚನೆ ಮಾಡು. ಇಷ್ಟು ವರ್ಷ ನಮ್ಮವಳ ಹಾಗೆ ಇದ್ದೆ."

"ಎಲ್ಲಿದ್ದೆ? ಪ್ಲಾಸ್ಟಿಕ್ ಹಾಳೆ ಮೇಲಾ?"

ಮೇಷ್ಟ್ರು ನೆಲ ನೋಡುತ್ತಿದ್ದವರು ಬಾಯಿಬಿಟ್ಟರು. "ನಾನೇ ಕಟ್ಟಿದ್ದು. ಯಾವತ್ತಿನ ಹಾಗೆ... ನೀನು ಕೆಳಗಿದ್ದೀಯ ಅಂತಲೇ ಮನಸ್ಸಿನಲ್ಲಿ. ನೋಡಲಿಲ್ಲ ಕಣಮ್ಮ. ನೋಡಬೇಕು ಅಂತಲೂ ಅನ್ನಿಸಲಿಲ್ಲ."

"ಮೇಷ್ಟ್ರೇ, ಸುಮ್ಮನಿರಿ" ಅಂದ ಕ್ಯಾಪ್ಟನ್.

ಅವಳು ಸೊಂಟದ ಗಂಟಿನಿಂದ ರಿಬ್ಬನ್ ತೆಗೆದು ಕಾಗದದ ಮೇಲೆ ಇಟ್ಟಳು. ಕರಿ ಅಕ್ಷರ ಹಾಗೇ ಇತ್ತು. "ಈಗ ನೀವು ಹೇಳಿದ್ರಲ್ಲ ಮೇಷ್ಟ್ರೇ, ಅದನ್ನ ಬರೀರಿ. ನಿಮ್ಮ ಕೈಯಲ್ಲೇ. ಯಾರೂ ಇಳೀಲಿಲ್ಲ ಅಂತ ಬರೀರಿ. ಆಗ ಸಹಿ ಹಾಕ್ತೀನಿ."

"ಆಗಲ್ಲ" ಅಂದ ಕ್ಯಾಪ್ಟನ್.

"ಹಾಗಾದ್ರೆ ಎದ್ದೇಳಿ ಅನ್ನೋಣ ಅಂದ್ರೆ ನೀವು ಕೂತೇ ಇಲ್ಲ. ಹೊರಡಿ."

ಅವಳು ರಿಬ್ಬನ್ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಗದವನ್ನು ಮಡಿಸಿ ಅವನ ಜೇಬಿಗೆ ತಾನೇ ತುರುಕಿದಳು. ಅವಳ ಬೆರಳು ತಾಕಿದ ಜಾಗವನ್ನು ಅವನು ಬಾಗಿಲು ದಾಟುವ ಮೊದಲೇ ಕೊಡವಿಕೊಂಡ. ಮಗಳು ನೋಡಿದಳು.

"ಅಮ್ಮ, ಅವರು ನಿನ್ನ ಕೈಗೆ ಹೆದರ್ತಾರಾ?"

"ಇನ್ನೂ ಇಲ್ಲ" ಅಂದಳು ಅವಳು.

*

ಮೂರು ವಾರವಾದ ಮೇಲೆ ಮೇಷ್ಟ್ರ ಫೋನು ಬಂತು. ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಗಂಡ ನಿನ್ನೆಯಿಂದ ಕಾಣುತ್ತಿಲ್ಲ. ಮೂರ್ಛೆ ರೋಗದವನು. ಕೊನೆಗೆ ಕಂಡದ್ದು ಕೆರೆಯ ಕೋಡಿಯ ಹತ್ತಿರ, ಅಲ್ಲಿಂದ ಮುಂದೆಲ್ಲ ಮೋರಿ.

"ಕರೆಯೋಕೆ ಮುಖ ಇಲ್ಲ" ಅಂದರು ಮೇಷ್ಟ್ರು.

"ಹೋಗ್ಬೇಡ" ಅಂದ ಗಂಡ. "ಹೊಲಸು ಜನ. ಹೊಲಸಲ್ಲಿ ಬಿದ್ದಿರ್ಲಿ."

"ಹೊಲಿಗೆಯವಳು ಏನು ಮಾಡಿದ್ಲು ನಮಗೆ?" ಎಂದು ಅವಳು ಬೂಟು ಹಾಕಿಕೊಂಡಳು.

ಕಟ್ಟಿದ ಹಗ್ಗದ ಆಚೆ ಹೊಲಿಗೆಯವಳು ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು. ಮನೆಯವರು ಸಾಲಿಗೆ ಸೇರುವ ಹಾಗಿಲ್ಲ. ಅವಳ ಕಣ್ಣು ಮೇಷ್ಟ್ರ ಸೊಂಟದಲ್ಲಿದ್ದ ಹಳದಿ ರಿಬ್ಬನ್ ಸುರುಳಿಯ ಮೇಲಿತ್ತು, ಅದರೊಳಗೇ ಗಂಡ ಇದ್ದಾನೋ ಅನ್ನುವ ಹಾಗೆ.

ಸಾಲು ನಿಂತಿತು. ಹಗ್ಗದ ಸುರುಳಿ ನೆಲದ ಮೇಲಿತ್ತು, ಹೊರುವವರಿಗೆ ಕಾಯುತ್ತ. ಮೂರು ವರ್ಷ ಅದನ್ನು ಹೊತ್ತವಳು ದಾಟಿ ಹೋಗಿ ಸಾಲಿನ ನಡುವೆ, ಕ್ಯಾಪ್ಟನ್‌ನ ಎಡಕ್ಕೆ, ಎರಡು ತೋಳು ಬಿಟ್ಟು ನಿಂತಳು. ಇಪ್ಪತ್ತಮೂರು.

ಅವನು ಅವಳನ್ನು ನೋಡಿದ. ಏನೋ ಹೇಳಲು ಹೊರಟು, ಹೊಲಿಗೆಯವಳು ನೋಡುತ್ತಿದ್ದದ್ದು ಕಂಡು, ಸೀಟಿ ಊದಿದ.

ನಡೆದರು. ಪೊದೆ ಸರಿಸಿದರು. ಹೆಸರು ಕೂಗಿದರು. ಕಿವಿಗೊಟ್ಟರು. ಇನ್ನೂರು ಹೆಜ್ಜೆಗೆ ಮೋರಿ ಬಂತು. ಅಗಲವಾದ ಮೋರಿ, ಕಪ್ಪು, ಮೇಲೆ ನೊರೆ. ಸಾಲು ನಿಂತಿತು. ಕರವಸ್ತ್ರಗಳು ಬಂದವು. ತಲೆಗಳು ಹಿಂದಕ್ಕೆ ತಿರುಗಿದವು.

"ಇಲ್ಲಿದ್ದೀನಿ" ಅಂದಳು ಅವಳು. "ಸಾಲು ಯಾಕೆ ನಿಂತಿತು?"

ಮೇಷ್ಟ್ರ ಕೈ ಅಭ್ಯಾಸದಂತೆ ರಿಬ್ಬನ್ ಸುರುಳಿಯ ಮೇಲೆ ಹೋಗಿತ್ತು. ಅವಳು ಹೋಗಿ ಆ ಸುರುಳಿಯನ್ನು ಬಿಚ್ಚಿಕೊಂಡಳು. ಅವರು ಕೊಟ್ಟರು.

"ಇವತ್ತು ಇದು ನನ್ನ ಹತ್ರ. ಸೊಂಟದವರೆಗೆ ಒದ್ದೆ ಆಗದೆ ಯಾರೂ ಗಂಟು ಹಾಕಲ್ಲ."

"ಕೆಸರಕ್ಕ, ಹಟ ಮಾಡೋ ಹೊತ್ತಲ್ಲ ಇದು. ಒಂದು ಜೀವದ ಪ್ರಶ್ನೆ" ಎಂದ ಕ್ಯಾಪ್ಟನ್, ಹಲ್ಲು ಕಚ್ಚಿ.

"ಹೌದು. ಅದಕ್ಕೇ ಇಳೀರಿ."

"ನಮಗೆ ಅಭ್ಯಾಸ ಇಲ್ಲ."

"ನನಗೂ ಹುಟ್ಟುವಾಗ ಇರ್ಲಿಲ್ಲ."

"ರೋಗ ಗೀಗ ಬಂದ್ರೆ..."

"ಬರುತ್ತೆ. ನನಗೆ ಬಂದಿದೆ, ಹೋಗಿದೆ, ಮತ್ತೆ ಬಂದಿದೆ. ನೀವು ಕೇಳಿದ್ರಾ? ನಾನೂ ಇಳೀತೀನಿ ಸಾರ್. ಹೇಗೆ ಕಾಲು ಊರ್ಬೇಕು ಅಂತ ಹೇಳಿಕೊಡ್ತೀನಿ. ಒಬ್ಬಳೇ ಇಳಿಯಲ್ಲ. ಇಷ್ಟಗಲ ಮೋರಿ ಒಬ್ಬಳು ತಡಕಿದ್ರೆ ಕತ್ತಲಾಗುತ್ತೆ. ಇಪ್ಪತ್ತಮೂರು ಜನ ಇಳಿದ್ರೆ ಅರ್ಧ ಗಂಟೆ. ಲೆಕ್ಕ ನಿಮಗೇ ಚೆನ್ನಾಗಿ ಬರುತ್ತೆ."

ಹಿಂದಿನಿಂದ ಹೊಲಿಗೆಯವಳು ಕೂಗಿದಳು. ಅಷ್ಟು ದೂರದಿಂದ ಅವಳಿಗೆ ಮಾತು ಕೇಳಿಸಿರಲಿಲ್ಲ, ಸಾಲು ನಿಂತದ್ದು ಕಂಡಿತ್ತು. "ಸಿಕ್ಕಿದ್ರಾ? ಅಣ್ಣಾ, ಸಿಕ್ಕಿದ್ರಾ?"

ಮೊದಲು ಇಳಿದವರು ಮೇಷ್ಟ್ರು. ಕನ್ನಡಕ ತೆಗೆದು ಜೇಬಿಗಿಟ್ಟು, ಮಗು ಮೆಟ್ಟಿಲಿಳಿಯುವ ಹಾಗೆ ಕೂತು ಜಾರಿದರು. ಕಪ್ಪು ಅವರನ್ನು ಸೊಂಟದವರೆಗೆ ತೆಗೆದುಕೊಂಡಿತು. ಅವರು ಬಾಯಿ ತೆರೆದು, ಮುಚ್ಚಿ, ನಿಂತರು. ಅವರ ಪಕ್ಕಕ್ಕೆ ಅವಳು ಇಳಿದಳು. ಆಮೇಲೆ ತಂಡದ ಒಬ್ಬಳು ಇಳಿದಳು. ಆಮೇಲೆ ಇಬ್ಬರು. ದಡದಲ್ಲಿ ಕೊನೆಗೆ ಕ್ಯಾಪ್ಟನ್ ಉಳಿದ, ಬಿಳಿ ಲೇಸಿನ ಬೂಟಿನಲ್ಲಿ.

ಅವಳು ಕೆಳಗಿನಿಂದ ನೋಡಿದಳು. ಎಲ್ಲರೂ ನೋಡಿದರು.

ಅವನು ಇಳಿದ. ಇಳಿದ ಕೂಡಲೇ ಕಾಲು ಹೂತಿತು, ಅವಸರ ಮಾಡಿದ, ಮುಗ್ಗರಿಸಿ ಎದೆಯವರೆಗೆ ಹೋದ. ಎದ್ದು ನಿಂತು ವಾಂತಿ ಮಾಡಿದ. ಬೆಳಗಿನ ತಿಂಡಿಯೆಲ್ಲ ನೊರೆಯ ಮೇಲೆ ತೇಲಿತು. ಕರವಸ್ತ್ರ ಎಲ್ಲೋ ಹೋಯಿತು.

"ಕೈ ಕೊಡಿ" ಅಂದ. ಕಣ್ಣಲ್ಲಿ ನೀರಿತ್ತು.

ಅವಳು ಕೈ ಕೊಟ್ಟಳು. ಹಿಡಿದುಕೊಂಡ. ಕೊಡವಿಕೊಳ್ಳಲಿಲ್ಲ.

"ಉಗುಳಿ. ಬಾಯಿ ಮುಚ್ಚಿ, ಮೂಗಲ್ಲೇ ಉಸಿರಾಡಿ. ಮೊದ್ಲು ಕಾಲು ಊರಿ, ಆಮೇಲೆ ಭಾರ ಬಿಡಿ. ಮೆತ್ತಗೆ ಏನು ಸಿಕ್ಕಿದ್ರೂ ನಿಂತು ಮುಟ್ಟಿ ನೋಡಿ. ಬಿಟ್ಟು ಹೋಗ್ಬೇಡಿ." ಆಮೇಲೆ ಅವಳು ಅತ್ತಿತ್ತ ನೋಡಿ, ಎರಡು ತೋಳಿನ ಅಂತರ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಮೇಸ್ತ್ರಿಯ ಗಂಟಲಿನಲ್ಲಿ ಕೂಗಿದಳು. "ನಡೀರಿ!"

ಇಪ್ಪತ್ತಮೂರು ಜನ ನಡೆದರು. ರಿಬ್ಬನ್ ಸುರುಳಿಯನ್ನು ಅವಳು ಒದ್ದೆಯಾಗದಂತೆ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಹಿಂದೆ ಕೆಸರಿನಲ್ಲಿ ಇಪ್ಪತ್ತಮೂರು ಜನರ ಹೆಜ್ಜೆ ಬೀಳುತ್ತ ಬಂತು. ಒಂದು ವಾರ ಇರುತ್ತವೆ ಅವು. ಯಾರು ಬೇಕಾದರೂ ಬಂದು ನೋಡಬಹುದು.